ಮ್ಯಾಡಿಸನ್ ಮಹಾಶಯರ ಪರಾಜಯ

ಅಮೆರಿಕೆಯ ರಾಜ್ಯಾಂಗದ ಪಿತರೆಂದು ಕೀರ್ತಿವೆತ್ತ ಜೇಮ್ಸ್ ಮ್ಯಾಡಿಸನ್ ಮಹಾಶಯರು 1751ರಲ್ಲಿ ವರ್ಜೀನಿಯಾದಲ್ಲಿ ಜನಿಸಿದರು. ಅಲ್ಲಿ ಉಮೇದುವಾರನು ತನ್ನ ಥೈಲಿಯ ದ್ರವ್ಯದಿಂದ ಮತದಾರರಿಗೆ ಮದ್ಯವನ್ನೆರೆಯುವುದು ರೂಢಿಯಾಗಿದ್ದಿತು. ಶಾಸನವು ನಿಷೇಧಿಸಿದ್ದರೂ ಕೇಳುವವರಿರಲಿಲ್ಲ. ವಾಷಿಂಗ್ಟನ್ನರಂತಹ ಧೀರರೂ 1758ರಲ್ಲಿ ಸುಮಾರು 160 ಗ್ಯಾಲನ್ನುಗಳಷ್ಟು ಪಾನೀಯವನ್ನು ಹಂಚಿಸಿಯೇ ಗೆದ್ದರು!

1777ರಲ್ಲಿ ಆರೆಂಜ್ ಜಿಲ್ಲೆಯಿಂದ ರಾಜ್ಯದ ಶಾಸನಸಭೆಗೆ ನಿಂತ ಮ್ಯಾಡಿಸನ್ನರು, ನವಸ್ವಾತಂತ್ರ್ಯದ ರಾಜ್ಯಕ್ಕೆ ಈ ಪದ್ಧತಿಯು ತಕ್ಕುದಲ್ಲವೆಂದು ಬಗೆದು, ಒಂದು ತೊಟ್ಟನ್ನೂ ಎರೆಯಿಸಲಿಲ್ಲ. ಹಿಂದಿನ ವರ್ಷ ತಾವೇ ಆರಿಸಿ ಕಳುಹಿಸಿದ್ದವರ ಈ ನಿಷ್ಠೆಯನ್ನು ಮತದಾರರು ಗರ್ವವೆಂದೂ ಜಿಪುಣತನವೆಂದೂ ಎಣಿಸಿದರು. ಧಾರಾಳವಾಗಿ ಎರೆದ ಚಾರ್ಲ್ಸ್ ಪೋರ್ಟರ್ ಎಂಬಾತನು ಗೆದ್ದನು. ಚುನಾವಣೆಯನ್ನು ರದ್ದುಪಡಿಸಬೇಕೆಂಬ ಅರ್ಜಿಯೂ ಫಲಿಸಲಿಲ್ಲ.

ಆ ವರ್ಷವೇ ಶಾಸನಸಭೆಯು ಅವರನ್ನು ಗವರ್ನರರ ಆಲೋಚನಾ ಸಭೆಗೆ ಆರಿಸಿತು. ಸೋಲಿಸಿದ ಜಿಲ್ಲೆಯೇ 1784ರಲ್ಲಿ ಅವರನ್ನು ಶಾಸನಸಭೆಗೆ ಮರಳಿ ಕಳುಹಿಸಿತು. 1809ರಿಂದ 1817ರವರೆಗೆ ಅವರು ಅಮೆರಿಕೆಯ ಅಧ್ಯಕ್ಷರಾಗಿದ್ದರು.