ಆಟದಲ್ಲಿ ಕಂಡ ಶ್ರುತಕೇವಲಿ

ಎಲ್ಲರೂ ಒಂದು ಬಗೆಯಲ್ಲಿ ಆಡಿದರೆ ತಾನು ಬೇರೊಂದು ಬಗೆಯಲ್ಲೇ ಆಡಬೇಕೆಂದು ಹಟ ಹಿಡಿಯುವ ಮಗು ಕೆಲವು ಮನೆಗಳಲ್ಲಿರುತ್ತದೆ. ಅದನ್ನು ಮೊಂಡುತನವೆಂದು ಹಿರಿಯರು ಗದರುವುದೂ ಉಂಟು. ಕೊನೆಯ ಶ್ರುತಕೇವಲಿಗಳಾದ ಭದ್ರಬಾಹು ಸ್ವಾಮಿಗಳ ಪುಣ್ಯಚರಿತ್ರೆ ಅಂತಹ ಒಬ್ಬ ಬಾಲಕನ ಆಟದಿಂದಲೇ ಆರಂಭವಾಗುತ್ತದೆ.

ಪೂರ್ವದೇಶದ ಪುಂಡ್ರವರ್ಧನ ನಾಡಿನಲ್ಲಿ ಪದ್ಮರಥನು ಅರಸನಾಗಿದ್ದಾಗ ಸೋಮಶರ್ಮನೆಂಬ ಬ್ರಾಹ್ಮಣನೂ ಅವನ ಪತ್ನಿ ಸೋಮಶ್ರೀಯೂ ಇದ್ದರು. ಭದ್ರಬಾಹು ಅವರ ಮಗ. ಒಮ್ಮೆ ಊರಿನ ಬಾಲಕರು ಗೋಲಿಗಳನ್ನು ಒಂದರ ಮೇಲೊಂದು ನಿಲ್ಲಿಸುವ ಆಟದಲ್ಲಿ ತೊಡಗಿದ್ದರು. ಉರುಳುವುದೇ ಗೋಲಿಯ ಸ್ವಭಾವ. ಉಳಿದವರು ಕೆಲವನ್ನಷ್ಟೇ ನಿಲ್ಲಿಸಲು ಶಕ್ತರಾದರೆ, ಭದ್ರಬಾಹು ಒಂದರ ಮೇಲೊಂದರಂತೆ 14 ಗೋಲಿಗಳನ್ನು ನಿಲ್ಲಿಸಿದನು.

ಊರ್ಜಯಂತಗಿರಿಯಲ್ಲಿ ನೇಮಿನಾಥ ತೀರ್ಥಂಕರರ ನಿರ್ವಾಣಭೂಮಿಯನ್ನು ವಂದಿಸಲು ಸಂಘಸಮೇತರಾಗಿ ಹೊರಟಿದ್ದ ಗೋವರ್ಧನಾಚಾರ್ಯರು ಆ ದಾರಿಯಲ್ಲಿ ಬಂದರು. ಅವರು ನಾಲ್ಕನೆಯ ಶ್ರುತಕೇವಲಿಗಳು. ಭಗವಾನ್ ಮಹಾವೀರರ ನಿರ್ವಾಣಾನಂತರ ಜಿನವಾಣಿಯು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿದು ಬರುತ್ತಿದ್ದ ಕಾಲವದು. ತಕ್ಕ ಶಿಷ್ಯನೊಬ್ಬನು ದೊರೆಯದಿದ್ದರೆ 14 ಪೂರ್ವಗಳ ಜ್ಞಾನಧಾರೆ ಅಲ್ಲಿಗೇ ನಿಲ್ಲುವುದು. ಆಚಾರ್ಯರು ನಿಂತು ನೋಡಿದರು. ಇತರರಿಗೆ ಅದು ಆಟವಾಗಿದ್ದರೆ, ಅವರ ನಿಮಿತ್ತಜ್ಞಾನಕ್ಕೆ ಆ 14 ಗೋಲಿಗಳಲ್ಲಿ 14 ಪೂರ್ವಗಳನ್ನು ಧರಿಸಬಲ್ಲ ಐದನೆಯ ಶ್ರುತಕೇವಲಿಯ ಲಕ್ಷಣ ಗೋಚರಿಸಿತು.

ಅವರು ಬಾಲಕನನ್ನು ನೇರವಾಗಿ ಸಂಘಕ್ಕೆ ಸೇರಿಸಿಕೊಳ್ಳಲಿಲ್ಲ. ಅವನ ತಂದೆ ತಾಯಿಯರನ್ನು ಕಂಡು, ಮಗನಿಗೆ ವಿದ್ಯೆ ಕಲಿಸಲು ಅನುಮತಿ ಬೇಡಿದರು. ದಂಪತಿಗಳು ಒಪ್ಪಿದರು. ಶಾಸ್ತ್ರಾಭ್ಯಾಸ ಮುಗಿದ ಮೇಲೆ ಗುರುಗಳು ಅವನನ್ನು ಮನೆಗೆ ಕಳುಹಿಸಿಕೊಟ್ಟರು. ಭದ್ರಬಾಹು ತಾನಾಗಿಯೇ ಮರಳಿ ಬಂದು ಗುರುಚರಣದಲ್ಲಿ ದೀಕ್ಷೆ ಪಡೆದನು. ಮಗುವಿನಲ್ಲಿ ಬೆಳಕನ್ನು ಕಂಡ ಗುರು, ಆಯ್ಕೆಯನ್ನು ಅವನಿಗೇ ಬಿಟ್ಟಿದ್ದರು.

ವರ್ಷಗಳು ಕಳೆದವು. ಶ್ರುತಕೇವಲಿಗಳಾದ ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ಆಹಾರಕ್ಕಾಗಿ ಒಂದು ಮನೆಯನ್ನು ಪ್ರವೇಶಿಸಿದಾಗ, ತೊಟ್ಟಿಲಲ್ಲಿದ್ದ ಹಸುಳೆ ಅವರಿಗೆ ಹೊರಟುಹೋಗುವಂತೆ ನುಡಿಯಿತು. ಮಾತೇ ಬಾರದ ವಯಸ್ಸಿನ ಕೂಸಿನ ಆ ನುಡಿಯನ್ನು ಅವರು ತಳ್ಳಿಹಾಕಲಿಲ್ಲ. 12 ವರ್ಷಗಳ ಘೋರ ಕ್ಷಾಮದ ಸೂಚನೆಯನ್ನು ಅದರಲ್ಲಿ ಅರಿತು, ಆಹಾರವಿಲ್ಲದೆಯೇ ಹಿಂದಿರುಗಿ ಮುನಿಸಂಘಕ್ಕೆ ತಿಳಿಸಿದರು. ಒಂದು ಕಾಲದಲ್ಲಿ ಹಿರಿಯರೊಬ್ಬರು ನಿಂತು ನೋಡಿದ ಬಾಲಕನೇ ಈಗ ಹಿರಿಯನಾಗಿ ಒಂದು ಹಸುಳೆಗೆ ಕಿವಿಗೊಟ್ಟಿದ್ದನು. ಅದರಿಂದ ಸಹಸ್ರಾರು ಮುನಿಗಳ ವ್ರತಾಚರಣೆಗೆ ರಕ್ಷಣೆ ದೊರೆಯಿತು. ಸಂಘವು ದಕ್ಷಿಣಾಪಥದತ್ತ ನಡೆಯಿತು.

ಶ್ರವಣಬೆಳಗೊಳದ ಪರಂಪರೆಯಂತೆ, ಸ್ವಾಮಿಗಳು ಕಟವಪ್ರಗಿರಿಯನ್ನು ತಲುಪಿದಾಗ ತಮ್ಮ ಆಯುಷ್ಯದ ಅವಧಿಯನ್ನು ಅರಿತು, ಸಂಘವನ್ನು ವಿಶಾಖಾಚಾರ್ಯರಿಗೆ ಒಪ್ಪಿಸಿ ಸಲ್ಲೇಖನವನ್ನು ಸ್ವೀಕರಿಸಿದರು. ಚಂದ್ರಗುಪ್ತ ಮುನಿಗಳು ಕೊನೆಯವರೆಗೂ ಗುರುಸೇವೆ ಮಾಡಿದರು. ಆ ಬೆಟ್ಟವೇ ಇಂದಿನ ಚಂದ್ರಗಿರಿ. ಅಲ್ಲಿನ ಸುಮಾರು ಕ್ರಿ.ಶ. 600ರ ಶಾಸನವು ಕ್ಷಾಮದ ಭವಿಷ್ಯವನ್ನೂ ಸಂಘದ ದಕ್ಷಿಣಯಾತ್ರೆಯನ್ನೂ ಸ್ಮರಿಸುತ್ತದೆ. ಭದ್ರಬಾಹು ಗುಹೆಯಲ್ಲಿರುವ ಪಾದಗಳನ್ನು ಭಕ್ತರು ಇಂದಿಗೂ ವಂದಿಸುತ್ತಾರೆ.

ಭಿನ್ನವಾಗಿರುವುದೇ ಹಿರಿಮೆಯೆಂದು ಈ ಚರಿತ್ರೆ ಹೇಳುವುದಿಲ್ಲ. ಉರುಳುವ ಗೋಲಿಗಳನ್ನು ನಿಲ್ಲಿಸಲು ಕೈ ನಡುಗಬಾರದು, ಮನಸ್ಸು ಚಲಿಸಬಾರದು. ಗೋವರ್ಧನಾಚಾರ್ಯರು ಮೆಚ್ಚಿದ್ದು ಆ ಏಕಾಗ್ರತೆಯನ್ನು. ಪ್ರತಿಯೊಂದು ಜೀವವೂ ತನ್ನದೇ ಜ್ಞಾನಾವರಣ ಕರ್ಮದ ಕ್ಷಯೋಪಶಮದೊಂದಿಗೆ ಬರುತ್ತದೆ ಎಂಬುದು ಜಿನಬೋಧೆ. ಆದ್ದರಿಂದ ಎರಡು ಮಕ್ಕಳು ಒಂದೇ ಬಗೆಯಲ್ಲಿ ಅರಳಬೇಕೆಂಬ ನಿಯಮವಿಲ್ಲ. ಮಗುವಿನ ಹಟದ ಹಿಂದೆ ಬರಿಯ ಚಪಲವಿದೆಯೋ, ಸ್ಥಿರವಾದ ಚಿತ್ತವಿದೆಯೋ ಎಂಬುದನ್ನು ಗದರುವ ಮುನ್ನ ಒಂದು ಕ್ಷಣ ನಿಂತು ನೋಡುವುದು ಹಿರಿಯರ ಧರ್ಮ. ಅಂದು ಆಚಾರ್ಯರು ನೋಡದೆ ಮುಂದೆ ಸಾಗಿದ್ದರೆ, ಆ ಬಾಲಕನ ಆಟ ಆಟವಾಗಿಯೇ ಮುಗಿಯುತ್ತಿತ್ತು.