ಎಲೆಯ ಸತ್ತ್ವವನ್ನು ಅರಿತ ಸುಬ್ಬರಾಯರು

ತುಂಗಭದ್ರೆಯ ಕಾಲುವೆ ಹರಿದ ತರುವಾಯ ಗೋದಾವರಿ ಸೀಮೆಯಿಂದ ಬಂದು ಸಿಂಧನೂರಿನ ಸುತ್ತಣ ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳು ಅನೇಕ. ಅದೇ ಸೀಮೆಯ ಭೀಮವರಂನಲ್ಲಿ 1895ರ ಜನವರಿ 12ರಂದು ಜನಿಸಿದ ಡಾ. ಯಲ್ಲಾಪ್ರಗಡ ಸುಬ್ಬರಾಯರನ್ನು ವಿದ್ವತ್ಪ್ರಪಂಚವು ಚೆನ್ನಾಗಿ ಬಲ್ಲುದು; ಅವರ ಔಷಧಗಳನ್ನು ನುಂಗುವ ನಾವು ಬಲ್ಲೆವೆಂದು ಹೇಳಲಾರೆವು. 1915ರಲ್ಲಿ ಮಸ್ಕಿಯ ಬಂಡೆಗಲ್ಲು ಬೆಳಕಿಗೆ ಬರುವವರೆಗೆ ದೇವಾನಾಂಪ್ರಿಯನ ಶಾಸನಗಳಲ್ಲಿ ಅಶೋಕನೆಂಬ ಹೆಸರೇ ಕಂಡಿರಲಿಲ್ಲವಷ್ಟೆ. ಮನುಷ್ಯರಿಗೂ ಪಶುಗಳಿಗೂ ಔಷಧದ ಗಿಡಗಳನ್ನು ನೆಡಿಸಿದೆನೆಂದು ಬೇರೊಂದು ಶಾಸನದಲ್ಲಿ ಸಾರಿದವನೂ ಆ ಅರಸನೇ.

ಸುಬ್ಬರಾಯರಿಗೆ ಮೆಟ್ರಿಕ್ಯುಲೇಶನ್ ಪರೀಕ್ಷೆಯು ಮೂರನೆಯ ಪ್ರಯತ್ನಕ್ಕೆ ಕೈಗೂಡಿತು. ಮದರಾಸಿನ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಧರಿಸಿದುದು ಶಸ್ತ್ರವೈದ್ಯದ ಆಂಗ್ಲ ಪ್ರಾಧ್ಯಾಪಕರಿಗೆ ಸಹನೆಯಾಗಲಿಲ್ಲ. ಎಂ.ಬಿ.ಬಿ.ಎಸ್. ಪದವಿ ತಪ್ಪಿತು, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ದಕ್ಕಿತು. ಒಬ್ಬ ಅಧಿಕಾರಿಯ ದರ್ಪದಿಂದ ಮದರಾಸು ಕಳೆದುಕೊಂಡುದನ್ನು ಬಾಸ್ಟನ್ ನಗರವು ಪಡೆಯಿತೆಂದೇ ನಮ್ಮ ಅಭಿಪ್ರಾಯ.

ಮನೆಯಲ್ಲಿ ಬಿದ್ದ ಪೆಟ್ಟು ಇದಕ್ಕಿಂತಲೂ ದೊಡ್ಡದು. ಸಂಗ್ರಹಣಿಯನ್ನು ಹೋಲುವ ಸ್ಪ್ರೂ ರೋಗವು ಸೋದರನನ್ನು ಒಯ್ದಿತು. ತಮ್ಮನ್ನೂ ಅದು ಹಿಡಿದಾಗ ಅವರು ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಗುಣ ಹೊಂದಿ, ಮದರಾಸಿನ ಆಯುರ್ವೇದ ಕಾಲೇಜಿನಲ್ಲಿಯೇ ಉಪಾಧ್ಯಾಯರಾದರು. 1922ರಲ್ಲಿ ಅಮೆರಿಕೆಗೆ ತೆರಳಿ, ಆಸ್ಪತ್ರೆಯಲ್ಲಿ ಕೂಲಿಯ ಕೆಲಸ ಮಾಡುತ್ತ ಹಾರ್ವರ್ಡಿನಲ್ಲಿ ಓದಿದರು. ರಕ್ತದಲ್ಲಿನ ರಂಜಕವನ್ನು ಅಳೆಯುವ ಅವರ 1925ರ ವಿಧಾನವು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂದಿತು. ಆದರೂ ಹಾರ್ವರ್ಡು ಅವರಿಗೆ ಖಾಯಂ ಹುದ್ದೆಯನ್ನು ಕೊಡಲಿಲ್ಲ. 1940ರಲ್ಲಿ ಅವರು ಲೆಡರ್ಲಿ ಔಷಧ ಸಂಸ್ಥೆಯನ್ನು ಸೇರಿದರು.

1941ರಲ್ಲಿ ಟೆಕ್ಸಸಿನ ವಿದ್ವಾಂಸರು ಪಾಲಕ್ ಸೊಪ್ಪಿನಿಂದ ಒಂದು ಸತ್ತ್ವವನ್ನು ಬೇರ್ಪಡಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟಿದ್ದರು. ಸುಬ್ಬರಾಯರ ತಂಡವು 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿತು. ಸೋದರನ ರೋಗಕ್ಕೆ ಮದ್ದು ದೊರೆತಂತಾಯಿತು. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಗಳು ಇಂದು ಕೊಡುವ ಮಾತ್ರೆಯಲ್ಲಿ ಇರುವುದೂ ಇದೇ. ಆದರೆ ಬಾಸ್ಟನ್ನಿನ ಡಾ. ಫಾರ್ಬರರು ಈ ಜಾತಿಯ ವಸ್ತುಗಳನ್ನು ರಕ್ತಾರ್ಬುದದ ಮಕ್ಕಳಿಗೆ ಕೊಟ್ಟಾಗ ರೋಗವು ಉಲ್ಬಣಿಸಿದಂತೆ ಕಂಡಿತು. ಹಾಗಾದರೆ ಆ ಸತ್ತ್ವದ ಹುಸಿರೂಪವೊಂದನ್ನು ಕೊಟ್ಟರೆ? ಸುಬ್ಬರಾಯರ ತಂಡವು ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟ್‌ಗಳನ್ನು ನಿರ್ಮಿಸಿತು. ಬೀಗದೊಳಗೆ ಹೊಕ್ಕು ತಿರುಗದೆ ಸಿಕ್ಕಿಕೊಂಡ ಕೀಲಿಯಂತೆ ಇವು ಜೀವಕಣದ ಬೆಳವಣಿಗೆಯನ್ನು ತಡೆಯುವುವು. 1948ರ ಜೂನಿನಲ್ಲಿ ಪ್ರಕಟವಾದ ವರದಿಯಂತೆ 16 ಮಕ್ಕಳಲ್ಲಿ 10 ಮಂದಿಗೆ, ತಾತ್ಕಾಲಿಕವಾಗಿಯಾದರೂ, ಉಪಶಮನ ದೊರೆಯಿತು. 1951ರಲ್ಲಿ ಡಾ. ಜೇನ್ ರೈಟ್ ಅವರು ಮೆಥೊಟ್ರೆಕ್ಸೇಟಿನಿಂದ ಸ್ತನದ ಅರ್ಬುದವೂ ಕುಗ್ಗುವುದನ್ನು ತೋರಿಸಿದರು. ಅದು ಸೇರಿದ ಮೂರು ಔಷಧಗಳ ಕೂಟವು ಶಸ್ತ್ರಕ್ರಿಯೆಯ ಅನಂತರ ರೋಗ ಮರುಕಳಿಸುವುದನ್ನು ತಗ್ಗಿಸುವುದೆಂದು 1976ರಲ್ಲಿ ಇಟಲಿಯ ಮಿಲಾನಿನಿಂದ ವರದಿ ಬಂದಿತು.

ಇಷ್ಟು ವಿಸ್ತರಿಸುವುದಕ್ಕೆ ಕಾರಣವುಂಟು. ಅಂಗಳದ ನಿತ್ಯಪುಷ್ಪದಿಂದ ವೈನೊರೆಲ್ಬಿನ್ ಬಂದಿದೆ, ಅಮೆರಿಕೆಯ ಯೂ ಮರದ ತೊಗಟೆಯಿಂದ ಪ್ಯಾಕ್ಲಿಟಾಕ್ಸೆಲ್ ಬಂದಿದೆ. ಅನ್ಯಾಂಗಗಳಿಗೆ ಹಬ್ಬಿದ ಸ್ತನಾರ್ಬುದಕ್ಕೂ ಇವನ್ನು ಕೊಡುತ್ತಾರೆ. ಇದನ್ನು ಅರ್ಧ ಕೇಳಿದವರು ಗಿಡವನ್ನೇ ಅರೆದು ಕುಡಿಸಲು ಹೊರಡುವರು. ನಿತ್ಯಪುಷ್ಪದ ರಸವು ವಿಷ. ಗಂಟು ಕಂಡುದನ್ನು ಸಂಕೋಚದಿಂದ ಮುಚ್ಚಿಟ್ಟ ಹೆಣ್ಣುಮಗಳು ಕಷಾಯದಲ್ಲಿ ಕಳೆಯುವ ತಿಂಗಳುಗಳಲ್ಲಿಯೇ ರೋಗವು ಎಲುಬಿಗೂ ಯಕೃತ್ತಿಗೂ ಹಬ್ಬಬಹುದು. ಆಯುರ್ವೇದದಿಂದ ಬದುಕಿದ ಸುಬ್ಬರಾಯರು ಎಲೆಯನ್ನು ಹಳಿದವರಲ್ಲ. ಅದರೊಳಗಿನ ಯಾವ ಅಂಶ, ಎಷ್ಟು ಪ್ರಮಾಣದಲ್ಲಿ, ಯಾವ ರೋಗಕ್ಕೆಂಬುದನ್ನು ತೂಗಿ ನೋಡುವುದರಲ್ಲಿಯೇ ಆಯುಷ್ಯವನ್ನು ಸವೆಸಿದರು.

ಫಾರ್ಬರರ ವರದಿ ಹೊರಬಿದ್ದ ಸುಮಾರು ಎರಡು ತಿಂಗಳ ಬಳಿಕ, 1948ರ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ ಅವರು ನಿದ್ರೆಯಲ್ಲಿಯೇ ತೀರಿಕೊಂಡರು. 26 ವರ್ಷ ಅಲ್ಲಿದ್ದರೂ ಅಮೆರಿಕೆಯ ಪೌರತ್ವವನ್ನು ಪಡೆದಿರಲಿಲ್ಲ. ಸ್ವದೇಶಕ್ಕೆ ಮರಳುವುದೂ ಆಗಲಿಲ್ಲ. ಭಾರತದ ಅಂಚೆ ಇಲಾಖೆಯು ಅವರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿದುದು 1995ರಲ್ಲಿ.