ರಾಯಗಜಕೇಸರಿ ರುದ್ರಮದೇವಿ

ಓರುಗಲ್ಲಿನ ಕಾಕತೀಯ ಅರಸರ ವಂಶಾವಳಿಯಲ್ಲಿ ರುದ್ರದೇವನೆಂಬ ಹೆಸರು ಎರಡು ಬಾರಿ ಬರುತ್ತದೆ. ಮೊದಲನೆಯ ರುದ್ರದೇವನು ಕ್ರಿ.ಶ. 1163ರಲ್ಲಿ ಹನುಮಕೊಂಡದ ಸಾವಿರ ಕಂಬಗಳ ಗುಡಿಯನ್ನು ಕಟ್ಟಿಸಿದ ಪರಾಕ್ರಮಿ. ಸುಮಾರು ಒಂದು ಶತಮಾನದ ಅನಂತರ ಅದೇ ಹೆಸರನ್ನೂ ಮಹಾರಾಜನೆಂಬ ಬಿರುದನ್ನೂ ಧರಿಸಿ ರಾಜ್ಯಭಾರಕ್ಕೆ ಬಂದವಳು ಒಬ್ಬ ಸ್ತ್ರೀ. ಗಣಪತಿದೇವನ ಮಗಳಾದ ಆಕೆಯನ್ನು ಇತಿಹಾಸವು ರುದ್ರಮದೇವಿ ಎಂದು ಗುರುತಿಸುತ್ತದೆ. ಮಧ್ಯಯುಗದಲ್ಲಿ ರಾಜ್ಯಾಧಿಕಾರವನ್ನು ಕೈಯಲ್ಲಿ ಹಿಡಿದ ಸ್ತ್ರೀಯರು ಹಲವರಿದ್ದರೂ ಅವರಲ್ಲಿ ಬಹುಮಂದಿ ಬಾಲಕನಾದ ಮಗನ ಪರವಾಗಿಯೋ ಗತಿಸಿದ ಪತಿಯ ಪರವಾಗಿಯೋ ಆಳಿದವರು. ರುದ್ರಮದೇವಿಯಾದರೋ ತಂದೆಯಿಂದ ನೇರವಾಗಿ ಅಧಿಕಾರವನ್ನು ಪಡೆದು, ಸ್ವಂತ ಹಕ್ಕಿನಿಂದ ಸಿಂಹಾಸನವನ್ನೇರಿ, ಕಡೆಯವರೆಗೂ ಅದನ್ನು ಉಳಿಸಿಕೊಂಡವಳು.

ಆಕೆಯ ತಂದೆ ಗಣಪತಿದೇವನು 1199ರಲ್ಲಿ ಪಟ್ಟಕ್ಕೆ ಬಂದು ಆರು ದಶಕಗಳಿಗೂ ಮಿಕ್ಕಿ ಆಳಿದನು. ತೆಲುಗು ನಾಡಿನ ಬಹುಭಾಗವನ್ನು ಒಂದು ಛತ್ರದಡಿ ತಂದ ಕೀರ್ತಿ ಅವನದು. ಪೂರ್ವಸಮುದ್ರದ ಮೋಟುಪಲ್ಲಿ ಬಂದರಿಗೆ ಬರುವ ವರ್ತಕರಿಗೆ 1244ರ ಸುಮಾರಿನಲ್ಲಿ ಅಭಯಶಾಸನವನ್ನು ಕೊಟ್ಟು, ನಿಗದಿಯಾದ ಸುಂಕವನ್ನು ಮಾತ್ರ ವಸೂಲು ಮಾಡಬೇಕೆಂದೂ ಬಿರುಗಾಳಿಗೆ ಸಿಲುಕಿ ದಡ ಸೇರಿದ ಹಡಗಿನ ಸರಕನ್ನು ಅರಸನು ಕಸಿದುಕೊಳ್ಳುವ ಹಳೆಯ ಪದ್ಧತಿ ಇನ್ನು ಸಲ್ಲದೆಂದೂ ವಿಧಿಸಿದ ದೊರೆ ಅವನೇ. ಇಂತಹ ವಿಶಾಲ ರಾಜ್ಯಕ್ಕೆ ಪುತ್ರಸಂತಾನವಿರಲಿಲ್ಲ. ಮಗಳಾದ ಗಣಪಾಂಬೆ ಧರಣಿಕೋಟೆಯ ಕೋಟ ವಂಶದ ಬೇತರಾಜನ ಕೈಹಿಡಿದಿದ್ದಳು. ಇನ್ನೊಬ್ಬ ಮಗಳಾದ ರುದ್ರಮದೇವಿಗೆ ನಿಡದವೋಲಿನ ಚಾಲುಕ್ಯ ರಾಜಕುಮಾರ ವೀರಭದ್ರನೊಡನೆ ವಿವಾಹವಾಗಿತ್ತು. ಗಣಪತಿದೇವನು ರಾಜ್ಯವನ್ನು ಅಳಿಯಂದಿರಿಗೆ ಬಿಡದೆ ಮಗಳಿಗೆ ಒಪ್ಪಿಸಲು ನಿಶ್ಚಯಿಸಿದನು.

ಈ ನಿಶ್ಚಯ ಎಷ್ಟು ಕಠಿನವಾದುದೆಂಬುದನ್ನು ಅಂದಿನ ಕಾಲಮಾನವೇ ತಿಳಿಸುತ್ತದೆ. 1236ರಲ್ಲಿ ದೆಹಲಿಯ ಸಿಂಹಾಸನವನ್ನೇರಿದ ರಜಿಯಾ ಸುಲ್ತಾನಳು ಸಮರ್ಥಳಾಗಿದ್ದರೂ ತುರ್ಕಿ ಸರದಾರರ ವಿರೋಧವನ್ನು ತಡೆಯಲಾರದೆ ನಾಲ್ಕು ವರ್ಷಗಳೊಳಗೆ ಅಧಿಕಾರವನ್ನೂ ಪ್ರಾಣವನ್ನೂ ಕಳೆದುಕೊಂಡಿದ್ದಳು. ಓರುಗಲ್ಲಿನ ಸಾಮಂತರಲ್ಲಿಯೂ ಸ್ತ್ರೀಗೆ ತಲೆಬಾಗಲು ಮನಸ್ಸಿಲ್ಲದವರು ಇದ್ದೇ ಇದ್ದರು. ಆದುದರಿಂದ 1260ರ ಸುಮಾರಿಗೆ ತಂದೆಯೊಡನೆ ರಾಜ್ಯಭಾರದಲ್ಲಿ ಪಾಲ್ಗೊಂಡ ರುದ್ರಮದೇವಿ ರುದ್ರದೇವ ಮಹಾರಾಜನೆಂಬ ಪುರುಷನಾಮದಲ್ಲಿಯೇ ಶಾಸನಗಳನ್ನು ಹೊರಡಿಸಿದಳು. ಪುರುಷವೇಷದಲ್ಲಿಯೇ ಓಲಗವನ್ನು ನಡೆಸುತ್ತಿದ್ದಳೆಂಬುದು ನಾಡಿನಲ್ಲಿ ಬೆಳೆದುಬಂದ ಪ್ರತೀತಿ.

ಹೀಗೆ ಅಧಿಕಾರ ಇನ್ನೂ ನೆಲೆಗೊಳ್ಳದಿದ್ದ ದಿನಗಳಲ್ಲಿಯೇ ಆಕೆಯ ಬಾಳಿನ ಒಂದು ಮಹತ್ಕಾರ್ಯ ನಡೆಯಿತು. ಗೌಡದೇಶದ ದಕ್ಷಿಣ ರಾಢಾ ಸೀಮೆಯಿಂದ ಬಂದ ವಿಶ್ವೇಶ್ವರ ಶಿವಾಚಾರ್ಯರು ಗೋಳಕೀ ಮಠದ ಶೈವಪರಂಪರೆಗೆ ಸೇರಿದವರು, ಗಣಪತಿದೇವನ ದೀಕ್ಷಾಗುರುಗಳು. ಕೃಷ್ಣಾ ನದಿಯ ದಕ್ಷಿಣ ತೀರದ ಮಂದರ ಗ್ರಾಮವನ್ನು ಅವರಿಗೆ ದತ್ತಿಯಾಗಿ ಕೊಡುವುದಾಗಿ ಗಣಪತಿದೇವನು ಬಾಯಿಮಾತಿನಲ್ಲಿ ಒಪ್ಪಿದ್ದನು. ಅರಸನು ಆಡಿದ ಮಾತು ಶಾಸನವಾಗಿರಲಿಲ್ಲ. 1261ರಲ್ಲಿ ರುದ್ರಮದೇವಿ ತಂದೆಯ ವಾಗ್ದಾನವನ್ನು ಈಡೇರಿಸಿ, ಆ ಗ್ರಾಮದೊಡನೆ ನದೀತೀರದ ವೆಲಂಗಪೂಂಡಿ ಗ್ರಾಮವನ್ನೂ ಸೇರಿಸಿ ವಿಧಿಪೂರ್ವಕವಾಗಿ ಧಾರೆಯೆರೆದಳು. ಈ ವಿವರಗಳನ್ನೊಳಗೊಂಡ ಮಲ್ಕಾಪುರದ ಶಿಲಾಶಾಸನವು ದಕ್ಷಿಣ ಭಾರತದ ವಿದ್ಯಾಸಂಸ್ಥೆಗಳ ಇತಿಹಾಸದಲ್ಲಿ ಬಹು ಅಮೂಲ್ಯವಾದುದು.

ಶಿವಾಚಾರ್ಯರು ಅಲ್ಲಿ ದೇವಾಲಯವನ್ನೂ ಶೈವಮಠವನ್ನೂ ಅನ್ನಸತ್ರವನ್ನೂ ಸ್ಥಾಪಿಸಿದರು. ಭೂಮಿಯ ಉತ್ಪನ್ನವನ್ನು ಮೂರು ಪಾಲಾಗಿ ವಿಂಗಡಿಸಲಾಯಿತು. ಒಂದು ಪಾಲು ದೇವರ ಸೇವೆಗೆ. ಒಂದು ಪಾಲು ವಿದ್ಯಾರ್ಥಿಗಳ ಪೋಷಣೆಗೆ ಮತ್ತು ಮಠಕ್ಕೆ. ಮೂರನೆಯದು ಪ್ರಸೂತಿಶಾಲೆ, ಆರೋಗ್ಯಶಾಲೆ ಹಾಗೂ ಸತ್ರಕ್ಕೆ. ಋಕ್, ಯಜುಸ್ಸು, ಸಾಮಗಳನ್ನು ಬೋಧಿಸಲು ಮೂವರು ಉಪಾಧ್ಯಾಯರು, ವ್ಯಾಕರಣ ತರ್ಕ ಸಾಹಿತ್ಯ ಆಗಮಾದಿ ಶಾಸ್ತ್ರಗಳಿಗೆ ಐವರು, ಇವರ ಜೊತೆಗೆ ಒಬ್ಬ ವೈದ್ಯ ಮತ್ತು ಲೆಕ್ಕಪತ್ರಗಳಿಗಾಗಿ ಒಬ್ಬ ಕರಣಿಕ ನೇಮಕಗೊಂಡರು. ಊರಿನ ಕುಶಲಕರ್ಮಿಗಳಿಗೂ ವೃತ್ತಿಗಳನ್ನು ಬಿಟ್ಟುಕೊಡಲಾಯಿತು. ಅನ್ನಸತ್ರದಲ್ಲಿ ಬ್ರಾಹ್ಮಣನಿಂದ ಹಿಡಿದು ಚಂಡಾಲನವರೆಗೆ ಯಾರೇ ಬಂದರೂ ಅನ್ನವಿಕ್ಕಬೇಕೆಂಬುದು ಶಾಸನದ ಕಟ್ಟಳೆ. ಏಳೂವರೆ ಶತಮಾನಗಳ ಹಿಂದೆ, ಬಾಣಂತಿಯರ ಆರೈಕೆಗೆಂದೇ ಭೂಮಿಯ ಉತ್ಪನ್ನವನ್ನು ಗೊತ್ತುಮಾಡಿ ಕಲ್ಲಿನಲ್ಲಿ ಬರೆಯಿಸಿದ ದೃಷ್ಟಿ ಅಸಾಮಾನ್ಯವಾದುದು. ಉಪಾಧ್ಯಾಯನ ಪಕ್ಕದಲ್ಲಿಯೇ ಕರಣಿಕನನ್ನೂ ನೇಮಿಸಿದ್ದು ಆ ದಾನದ ಹಿಂದಿದ್ದ ವಿವೇಕಕ್ಕೆ ಸಾಕ್ಷಿ. ಕೊಟ್ಟ ಧನಕ್ಕೆ ಲೆಕ್ಕವಿಲ್ಲದಿದ್ದರೆ ಯಾವ ಧರ್ಮಸಂಸ್ಥೆಯೂ ಬಹುಕಾಲ ಬಾಳಲಾರದು.

ಆದರೆ ರಾಜ್ಯದ ಗಡಿಗಳಲ್ಲಿ ಶಾಂತಿಯಿರಲಿಲ್ಲ. ವೃದ್ಧನಾದ ಗಣಪತಿದೇವನು 1263ರ ಸುಮಾರಿನಲ್ಲಿ ಮುತ್ತುಕೂರಿನ ಕಾಳಗದಲ್ಲಿ ಪಾಂಡ್ಯರಿಂದ ಪರಾಜಿತನಾದನು. ದಕ್ಷಿಣದ ನೆಲ್ಲೂರು ಸೀಮೆ ಕೈಬಿಟ್ಟಿತು. ಪೂರ್ವದಿಂದ ಕಳಿಂಗದ ಗಂಗರು ಗೋದಾವರಿಯ ಮುಖಜಭೂಮಿಯತ್ತ ಮುನ್ನುಗ್ಗಿದರು. ಪಶ್ಚಿಮದಲ್ಲಿ ದೇವಗಿರಿಯ ಸೇವುಣರು ಸಮಯ ಕಾಯುತ್ತಿದ್ದರು. ಇಷ್ಟೂ ಕಷ್ಟಗಳ ಭಾರ ರುದ್ರಮದೇವಿಯ ಮೇಲೆ ಬಿದ್ದಿತು. ಆಕೆಯ ಪಟ್ಟಾಭಿಷೇಕವು 1269ರ ಸುಮಾರಿಗೆ ನಡೆಯಿತೆಂದು ವಿದ್ವಾಂಸರು ಎಣಿಸುತ್ತಾರೆ.

ಗಂಗರ ಮೇಲೆ ಆಕೆ ಕಳುಹಿಸಿದ ಪೋತಿನಾಯಕ, ಪ್ರೋಲಿನಾಯಕ ಎಂಬ ಸೇನಾನಿಗಳು ಶತ್ರುವನ್ನು ಹಿಮ್ಮೆಟ್ಟಿಸಿ ಗೋದಾವರೀ ಸೀಮೆಯನ್ನು ಮರಳಿ ತಂದರು. ಸೇವುಣ ಮಹಾದೇವನೊಡನೆ ನಡೆದ ಯುದ್ಧದ ವಿಷಯದಲ್ಲಿ ಎರಡು ಪಕ್ಷದವರೂ ಜಯವನ್ನು ತಮ್ಮದೆಂದೇ ಹೇಳಿಕೊಂಡಿದ್ದಾರೆ. ಮಹಾದೇವನ ಮಂತ್ರಿ ಹೇಮಾದ್ರಿಯ ಗ್ರಂಥದ ಪ್ರಶಸ್ತಿಯ ಪ್ರಕಾರ ಆ ಅರಸನು ತೆಲುಗು ದೊರೆಯ ಆನೆಗಳನ್ನು ಸೆಳೆದುಕೊಂಡು, ರುದ್ರಮಳು ಹೆಣ್ಣೆಂಬ ಕಾರಣಕ್ಕೆ ಆಕೆಯನ್ನು ಕೊಲ್ಲದೆ ಬಿಟ್ಟನು. ಅನಂತರದ ತೆಲುಗು ಕೃತಿಯಾದ ಪ್ರತಾಪರುದ್ರ ಚರಿತ್ರವಾದರೋ ಆಕೆ ಮಹಾದೇವನನ್ನು ದೇವಗಿರಿಯವರೆಗೂ ಬೆನ್ನಟ್ಟಿ ಅಪಾರ ಹೊನ್ನನ್ನು ಕಪ್ಪವಾಗಿ ಪಡೆದಳೆಂದು ಹೇಳುತ್ತದೆ. ಎರಡರಲ್ಲಿಯೂ ಅತಿಶಯೋಕ್ತಿ ಇರಬಹುದು. ಆದರೆ ಕರ್ನಾಟಕದ ಬೀದರ ಕೋಟೆಯಲ್ಲಿ ದೊರೆತ ತ್ರುಟಿತ ಶಾಸನವೊಂದು ಸಿಂದ ವಂಶದ ಭೈರವನೆಂಬ ಸೇನಾನಿಯನ್ನೂ ರುದ್ರಮದೇವಿಯ ರಾಯಗಜಕೇಸರಿ ಎಂಬ ಬಿರುದನ್ನೂ ಸ್ಮರಿಸುತ್ತದೆ. ಸೇವುಣರ ಸೀಮೆಯೊಳಗೆ ಆಕೆಯ ಸೈನ್ಯ ಕಾಲಿಟ್ಟಿದ್ದುದಕ್ಕೆ ಈ ಕಲ್ಲೇ ಬಲವಾದ ಆಧಾರ. ಹೆಣ್ಣೆಂದು ಉಪೇಕ್ಷಿಸಿ ಬಿಟ್ಟೆವೆಂಬ ಮಾತು ಸೋತವರ ಸಮಾಧಾನವೂ ಆಗಿರಬಹುದು.

ರಾಯರೆಂಬ ಆನೆಗಳಿಗೆ ಸಿಂಹವೆಂಬುದು ಆ ಬಿರುದಿನ ಅರ್ಥ. ಓರುಗಲ್ಲಿನ ಸ್ವಯಂಭೂ ದೇವಾಲಯದಲ್ಲಿ ಆಕೆ ಕಟ್ಟಿಸಿದ ರಂಗಮಂಟಪದ ಶಿಲ್ಪಗಳಲ್ಲಿ ಸಿಂಹವನ್ನೇರಿ ಕತ್ತಿ ಗುರಾಣಿಗಳನ್ನು ಹಿಡಿದ ವೀರವನಿತೆಯ ರೂಪವಿದೆ. ಹೆಸರಿನಲ್ಲಿ ಪುರುಷನಾಗಿ ತೋರಿಕೊಂಡವಳು ಕಲ್ಲಿನಲ್ಲಿ ಮಾತ್ರ ಸ್ತ್ರೀರೂಪವನ್ನು ಮರೆಮಾಡಲಿಲ್ಲ.

ಕುಲೀನ ಸಾಮಂತರ ನಿಷ್ಠೆಯನ್ನು ನಂಬಿ ಕುಳಿತಿರುವುದು ಅಪಾಯವೆಂಬುದನ್ನು ರುದ್ರಮದೇವಿ ಬಲ್ಲವಳಾಗಿದ್ದಳು. ಆದುದರಿಂದ ಕುಲಕ್ಕಿಂತ ಸಾಮರ್ಥ್ಯವನ್ನು ಮನ್ನಿಸಿ, ಸಾಮಾನ್ಯ ಮನೆತನಗಳಿಂದ ಬಂದ ವೀರರನ್ನೂ ನಾಯಕರನ್ನಾಗಿ ನೇಮಿಸಿ, ಸೈನ್ಯಸೇವೆಗೆ ಪ್ರತಿಯಾಗಿ ಭೂಮಿಯ ಆದಾಯವನ್ನು ಅವರಿಗೆ ವಹಿಸಿಕೊಟ್ಟಳು. ತಂದೆಯ ಕಾಲದ ಕಲ್ಲಿನ ಕೋಟೆಯನ್ನು ಎತ್ತರಿಸಿ, ಅದರ ಸುತ್ತ ಮಣ್ಣಿನ ಕೋಟೆಯನ್ನೂ ಆಳವಾದ ಕಂದಕವನ್ನೂ ರಚಿಸಿದಳು. 1309-10ರಲ್ಲಿ ಮಲಿಕ್ ಕಾಫೂರನು ಮುತ್ತಿಗೆ ಹಾಕಿದಾಗ ದೆಹಲಿಯ ಕವಿ ಅಮೀರ್ ಖುಸ್ರೋ ಆ ಮಣ್ಣಿನ ಗೋಡೆಯ ಗಟ್ಟಿತನವನ್ನು ವರ್ಣಿಸಿದ್ದಾನೆ.

ರುದ್ರಮದೇವಿಗೂ ಗಂಡುಮಕ್ಕಳಿರಲಿಲ್ಲ. ತಂದೆಗೆ ಬಂದಿದ್ದ ಪ್ರಶ್ನೆಯೇ ಮಗಳಿಗೂ ಬಂದಿತು. ಮುಮ್ಮಡಮ್ಮ, ರುದ್ರಮ್ಮ, ರುಯ್ಯಮ್ಮ ಎಂಬವರು ಆಕೆಯ ಹೆಣ್ಣುಮಕ್ಕಳು. ಮುಮ್ಮಡಮ್ಮನ ಮಗ ಪ್ರತಾಪರುದ್ರನನ್ನು ದತ್ತಕವಾಗಿ ಸ್ವೀಕರಿಸಿ, ಯುವರಾಜನನ್ನಾಗಿ ಮಾಡಿ, ತನ್ನ ಜೀವಿತಕಾಲದಲ್ಲಿಯೇ ರಾಜ್ಯಕಾರ್ಯಗಳಲ್ಲಿ ಪಳಗಿಸಿದಳು.

ಕೊನೆಯ ಕಂಟಕ ಹೊರಗಿನಿಂದ ಬರಲಿಲ್ಲ. ಕಾಯಸ್ಥ ವಂಶದ ಸಾಮಂತ ಅಂಬದೇವನು 1272ರ ಸುಮಾರಿಗೆ ಅಧಿಕಾರಕ್ಕೆ ಬಂದು, ಕ್ರಮೇಣ ಸ್ವತಂತ್ರನಾಗಿ ವರ್ತಿಸತೊಡಗಿದನು. ಮೊಮ್ಮಗನು ಪ್ರಾಯಕ್ಕೆ ಬಂದಿದ್ದ ವಯಸ್ಸಿನಲ್ಲಿ ರುದ್ರಮದೇವಿ ಆ ದಂಗೆಯನ್ನು ಎದುರಿಸಬೇಕಾಯಿತು. ನಲ್ಗೊಂಡ ಸೀಮೆಯ ಚಂದುಪಟ್ಲ ಗ್ರಾಮದ ಶಾಸನವು 1289ರ ನವೆಂಬರ್ ತಿಂಗಳಿಗೆ ಸಲ್ಲುತ್ತದೆ. ಪುವ್ವುಲ ಮುಮ್ಮಡಿ ಎಂಬ ಸೇವಕನು ರುದ್ರಮದೇವಿಗೂ ಸೇನಾನಿ ಮಲ್ಲಿಕಾರ್ಜುನ ನಾಯಕನಿಗೂ ಶಿವಲೋಕಪ್ರಾಪ್ತಿಯಾಗಲೆಂದು ಮಾಡಿದ ಭೂದಾನವನ್ನು ಅದು ದಾಖಲಿಸಿದೆ. ರಾಣಿ ಮತ್ತು ಸೇನಾನಿ ಇಬ್ಬರ ಮರಣವನ್ನೂ ಒಟ್ಟಿಗೆ ಸ್ಮರಿಸಿರುವುದರಿಂದ, ಅಂಬದೇವನೊಡನೆ ನಡೆದ ಯುದ್ಧದಲ್ಲಿಯೇ ಇಬ್ಬರೂ ಮಡಿದಿರಬೇಕೆಂದು ಇತಿಹಾಸಕಾರರು ನಿರ್ಣಯಿಸಿದ್ದಾರೆ. ಅಂಬದೇವನನ್ನು ಅಡಗಿಸುವ ಕಾರ್ಯವನ್ನು ಪ್ರತಾಪರುದ್ರನು ಪೂರೈಸಿದನು.

ವೆನಿಸ್ ನಗರದ ಪ್ರವಾಸಿ ಮಾರ್ಕೊ ಪೋಲೊ ಕೆಲವೇ ವರ್ಷಗಳ ಅನಂತರ ಭಾರತದ ಕರಾವಳಿಯ ಮಾರ್ಗವಾಗಿ ಹಾದುಹೋದನು. ಮೋಟುಪಲ್ಲಿಯ ಸೀಮೆಯ ವಜ್ರಗಳನ್ನೂ ಜೇಡರಬಲೆಯಂತೆ ನವಿರಾದ ಹತ್ತಿಯ ಬಟ್ಟೆಯನ್ನೂ ಹೊಗಳಿದ ಅವನು ಅಲ್ಲಿನ ರಾಣಿಯ ನ್ಯಾಯನಿಷ್ಠೆಯನ್ನೂ ಪ್ರಜೆಗಳಿಗೆ ಆಕೆಯಲ್ಲಿದ್ದ ಪ್ರೀತಿಯನ್ನೂ ವಿಶೇಷವಾಗಿ ಉಲ್ಲೇಖಿಸಿದ್ದಾನೆ. ಆಕೆ ಹಿಂದಿನ ರಾಜನ ವಿಧವೆಯೆಂದು ಅವನು ಬರೆದದ್ದು ತಪ್ಪು. ಮಗಳೊಬ್ಬಳು ತಂದೆಯ ಸಿಂಹಾಸನಕ್ಕೆ ನೇರವಾಗಿ ಬರಬಹುದೆಂಬುದು ಪರದೇಶದ ವರ್ತಕನ ಊಹೆಗೆ ನಿಲುಕದಿದ್ದುದು ಸಹಜವೇ.

ಓರುಗಲ್ಲು 1323ರಲ್ಲಿ ದೆಹಲಿಯ ಸೈನ್ಯದ ವಶವಾಯಿತು. ಕಾಕತೀಯ ರಾಜ್ಯ ಅಳಿಯಿತು. ರುದ್ರಮದೇವಿ ಕಾದು ಉಳಿಸಿದ ಗಡಿಗಳು ಮುಂದೆ ಎಷ್ಟೋ ಸಲ ಬದಲಾದವು. ತಂದೆ ಕೊಟ್ಟ ಮಾತನ್ನು ಮಗಳು ನಡೆಸಿದಳೆಂಬುದನ್ನು ಸಾರುವ ಮಲ್ಕಾಪುರದ ಶಾಸನವಾದರೋ ಉಳಿದುಬಂದಿದೆ. ಅಧಿಕಾರ ಇನ್ನೂ ನೆಲೆಗೊಳ್ಳದಿದ್ದ ದಿನಗಳಲ್ಲಿಯೂ ಓದುವ ಹುಡುಗನ ಊಟ, ಹೆರಿಗೆಗೆ ಬಂದ ತಾಯಿಯ ಆರೈಕೆ, ಹಸಿದು ಬಂದವನ ಅನ್ನ ಇವು ಮುಂದೂಡಬಹುದಾದ ಕಾರ್ಯಗಳಲ್ಲವೆಂದು ಬಗೆದ ರುದ್ರಮದೇವಿಯ ಹಿರಿಮೆಯನ್ನು ಆಕೆಯ ಯಾವ ಬಿರುದಿಗಿಂತಲೂ ಆ ಕಲ್ಲು ಚೆನ್ನಾಗಿ ಹೇಳುತ್ತದೆ.